ಕಲಕಿದ ನೀರಿನ ಏಳು ಮೀನುಗಳು

ಮರಳನ್ನು ಕಂಡೊಡನೆ ಮನೆ ಕಟ್ಟುವ ಆಲೋಚನೆ ಮಾಡುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅದರ ಮೇಲೆ ಬೆರಳಿನಿಂದ ಹೆಸರು ಬರೆಯುವವರೂ ಇದ್ದಾರೆ. ಆದರೆ ಮರಳನ್ನು ಕಂಡೊಡನೆ ಅದರಲ್ಲಿ ಒಂದು ಹಿಡಿಯನ್ನು ಗಾಜಿನ ಜಾಡಿಗೆ ಸುರಿದು, ನೀರು ಹಾಕಿ, ಮುಚ್ಚಳ ಬಿಗಿದು, ಚೆನ್ನಾಗಿ ಕುಲುಕಿ, ಮೇಲೆ ನಿಂತ ಕೆಸರಿನ ಪದರವನ್ನು ಅಳೆಯದೆ ಒಂದು ಹೆಜ್ಜೆಯೂ ಮುಂದಕ್ಕೆ ಹೋಗಲಾರದ ಮನುಷ್ಯರು ನಮ್ಮ ಬೀದಿಯಲ್ಲಿ ಒಬ್ಬರೇ ಇದ್ದರು. ಬೀದಿ ಅವರನ್ನು ಜಾಡಿಯವರು ಎಂದು ಕರೆಯುತ್ತಿತ್ತು.

ಕಟ್ಟಡ ಇಲಾಖೆಯ ಪರೀಕ್ಷಾಲಯದಲ್ಲಿ ಅವರು ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿ ನಿವೃತ್ತರಾಗಿದ್ದರು. ನೂರು ಭಾಗ ಮರಳಿನಲ್ಲಿ ಎಂಟು ಭಾಗಕ್ಕಿಂತ ಹೆಚ್ಚು ಕೆಸರಿದ್ದರೆ ಚೀಟಿಯ ಮೇಲೆ 'ತಿರಸ್ಕೃತ', ಕಡಿಮೆಯಿದ್ದರೆ 'ಅಂಗೀಕೃತ'. ಈ ಎರಡು ಮುದ್ರೆಗಳ ನಡುವೆ ಅವರ ಆಯುಷ್ಯ ಕಳೆದಿತ್ತು. ಮನೆಯ ವ್ಯವಹಾರವೂ ಇವೆರಡರಲ್ಲೇ ನಡೆಯುತ್ತಿತ್ತು. ಹೆಂಡತಿ ಹೊಸ ಪರದೆ ತಂದು ತೋರಿಸಿದಾಗ ಅವರು ತಲೆಯಾಡಿಸಿದರೆ ಅಂಗೀಕೃತ, ಆಡಿಸದಿದ್ದರೆ ತಿರಸ್ಕೃತ. ಮಾತು ಎಂಬ ಮೂರನೆಯ ಸಾಮಗ್ರಿಗೆ ಆ ಮನೆಯಲ್ಲಿ ನಮೂನೆಯೇ ಮುದ್ರಣವಾಗಿರಲಿಲ್ಲ.

ಒಮ್ಮೆ ಗಂಡಹೆಂಡಿರು ಕಣ್ಣಿನ ಡಾಕ್ಟರರಲ್ಲಿಗೆ ಹೋದರು. ಕಾಯುವ ಕೋಣೆಯಲ್ಲಿ ದೊಡ್ಡದೊಂದು ಅಕ್ವೇರಿಯಂ ಇತ್ತು. ಆಕೆ ಅದರ ಮುಂದೆ ಕುಳಿತವರು ತಮ್ಮ ಸರದಿಯನ್ನು ಒಬ್ಬರಾದ ಮೇಲೊಬ್ಬರಂತೆ ಮೂವರಿಗೆ ಬಿಟ್ಟುಕೊಟ್ಟರು. ಹೊರಗೆ ಬಂದ ಮೇಲೆ, "ನಮ್ಮನೇಲೂ ಒಂದಿದ್ದಿದ್ರೆ ಚೆನ್ನಾಗಿರ್ತಿತ್ತು ಅಲ್ವೇನ್ರೀ?" ಎಂದರು.

ಮೂವತ್ತೊಂದು ವರ್ಷ ತಲೆಯಾಡಿಸಿಕೊಂಡೇ ಬದುಕಿದ ಮನುಷ್ಯ ಅಂದು ದುರದೃಷ್ಟವಶಾತ್ ಬಾಯಿ ತೆರೆದರು. "ಮೀನು ನೋಡೋಕೆ ಕಣ್ಣು ಚೆನ್ನಾಗೇ ಇದೆಯಲ್ಲ. ಮತ್ತೆ ಡಾಕ್ಟರು ಯಾಕೆ ಬೇಕಿತ್ತು?"

ಅದೇ ವಾರ ಆಕೆಯ ಅಕ್ಕ ಕಾಲು ಮುರಿದುಕೊಂಡರೆಂಬ ಸುದ್ದಿ ಬಂತು. ನಾಲ್ಕು ದಿನ ಇದ್ದು ಬರುತ್ತೇನೆಂದು ಆಕೆ ಅಲ್ಲಿಗೆ ಹೋದರು. ಕಾಲಿನ ಪಟ್ಟಿ ಬಿಚ್ಚಿದರು. ಅಕ್ಕ ಕೋಲು ಹಿಡಿದು ನಡೆದರು. ಬಳಿಕ ಕೋಲನ್ನೂ ಬಿಟ್ಟು ಮಾರುಕಟ್ಟೆಗೆ ಹೋಗಿ ತರಕಾರಿಯವನೊಡನೆ ಜಗಳವಾಡಿ ಬಂದರು. ನಾಲ್ಕು ದಿನ ನಾಲ್ಕು ತಿಂಗಳಾಯಿತು. ಬುಧವಾರ ಮತ್ತು ಭಾನುವಾರ ಸಂಜೆ ಆರಕ್ಕೆ ಫೋನು ಬರುತ್ತಿತ್ತು.

"ಊಟ ಆಯ್ತಾ?"

"ಹೂಂ."

"ಗ್ಯಾಸ್ ಆರಿಸಿದ್ರಾ?"

"ಹೂಂ."

"ಇಡ್ತೀನಿ ಹಾಗಾದ್ರೆ."

ಆಕೆ ಇಟ್ಟ ಮೇಲೂ ಜಾಡಿಯವರು ರಿಸೀವರನ್ನು ಸ್ವಲ್ಪ ಹೊತ್ತು ಕಿವಿಯಲ್ಲೇ ಇಟ್ಟುಕೊಂಡು ನಿಂತಿರುತ್ತಿದ್ದರೆಂದು ಮೇಲಿನ ಮನೆಯ ಟೈಲರಮ್ಮ ಬೀದಿಗೆ ವರದಿ ಮಾಡಿದ್ದರು. ಆ ಕಿಟಕಿಗೆ ಪರದೆ ಇರಲಿಲ್ಲ. ಪರದೆ ತಿರಸ್ಕೃತವಾಗಿತ್ತು.

ಹೀಗಿರಲು ಒಂದು ಬುಧವಾರ ಜಾಡಿಯವರು ಅಲಂಕಾರ ಮೀನುಗಳ ಅಂಗಡಿಗೆ ಹೋಗಿ ಗಾಜಿನ ತೊಟ್ಟಿಯೊಂದನ್ನು ಕೊಂಡರು. ಅಂಗಡಿಯವನು ಅದರ ತಳಕ್ಕೆ ಹಾಸಲು ಬಣ್ಣದ ಹರಳುಗಳ ಚೀಲ ತೋರಿಸಿದ. ಬೆಲೆ ಕೇಳಿ ಜಾಡಿಯವರು ಚೀಲವನ್ನು ಅದರ ಜಾಗದಲ್ಲೇ ಇಟ್ಟರು.

"ಮರಳು ಹಾಕಿದ್ರೆ ಆಗಲ್ವಾ?"

"ಆಗುತ್ತೆ ಸಾರ್. ಅಗ್ಗ, ಚೆನ್ನಾಗೂ ಕಾಣುತ್ತೆ. ಆದ್ರೆ ತುಂಬಾ ಸಲ ತೊಳೀಬೇಕು. ತೊಳೆದು ತೊಳೆದು ಕೈ ಸೋಲುತ್ತೆ. ನಿಮಗೆ ಮರಳು ಗೊತ್ತಾ?"

ಆ ಪ್ರಶ್ನೆಗೆ ಜಾಡಿಯವರು ಉತ್ತರ ಕೊಡಲಿಲ್ಲ. ಸಮುದ್ರವನ್ನು ಯಾರಾದರೂ ಈಜಲು ಬರುತ್ತದೆಯೇ ಎಂದು ಕೇಳಿದರೆ ಅದು ಉತ್ತರ ಕೊಡುತ್ತದೆಯೇ? ಅವರು ನೇರವಾಗಿ ತಮ್ಮ ಹಳೆಯ ಪರೀಕ್ಷಾಲಯಕ್ಕೆ ಹೋದರು. ಹಿಂದಿನ ಅಂಗಳದಲ್ಲಿ ಪರೀಕ್ಷೆ ಮುಗಿದ ಮರಳಿನ ರಾಶಿ ಬಿದ್ದಿರುತ್ತದೆ. ಕಾವಲುಗಾರ ಅವರಿಗೆ ಒಂದು ಚೀಲ ತುಂಬಿ ಕೊಟ್ಟ. ಮನೆಗೆ ಬಂದು ಜಾಡಿ ತೆಗೆದರು, ಕುಲುಕಿದರು, ಅಳೆದರು. ನೂರಕ್ಕೆ ಮೂರು ಭಾಗ ಕೆಸರು. ಸೇತುವೆ ಕಟ್ಟಬಹುದಾದ ಮರಳು. ಅಂಥದ್ದನ್ನು ತೊಳೆಯುವುದೆಂದರೆ ಇಲಾಖೆಗೇ ಅವಮಾನ. 'ಅಂಗೀಕೃತ' ಎಂದು ಘೋಷಿಸಿ, ತೊಟ್ಟಿಯ ತಳಕ್ಕೆ ಹಾಸಿ, ಮೇಲಿನಿಂದ ಬಕೆಟ್ಟಿನಲ್ಲಿ ನೀರು ಹೊಯ್ದರು.

ತೊಟ್ಟಿ ತುಂಬ ಚಹಾ ಆಯಿತು. ಹಾಲು ಹೆಚ್ಚಾದ ಚಹಾ.

ಸೇತುವೆಗೆ ಯೋಗ್ಯವಾದದ್ದು ಮೀನಿಗೆ ಯೋಗ್ಯವಾಗಿರಬೇಕಿಲ್ಲವೆಂಬ ಸಂಗತಿ ಇಲಾಖೆಯ ಯಾವ ಸುತ್ತೋಲೆಯಲ್ಲೂ ಬಂದಿರಲಿಲ್ಲ. ಒಂದು ಲೋಟ ನೀರನ್ನು ಮಾದರಿಗಾಗಿ ಹಿಡಿದು ಜಾಡಿಯವರು ಅಂಗಡಿಗೆ ಓಡಿದರು. ಅಂಗಡಿಯವನು ಲೋಟವನ್ನು ಬೆಳಕಿಗೆ ಹಿಡಿದು, "ಈ ನೀರಿಗೆ ಮೀನು ಕೊಟ್ರೆ ನನಗೆ ಪಾಪ ಸುತ್ಕೊಳ್ಳುತ್ತೆ ಸಾರ್. ತಿಳಿಯಾಗ್ಲಿ, ಆಮೇಲೆ ಬನ್ನಿ" ಎಂದ. ಅವರು ಬರಿಗೈಯಲ್ಲಿ ಮನೆ ಸೇರುವುದಕ್ಕೂ ಗಡಿಯಾರ ಆರು ಹೊಡೆಯುವುದಕ್ಕೂ ಫೋನು ಕೂಗುವುದಕ್ಕೂ ಸರಿಹೋಯಿತು.

"ಊಟ ಆಯ್ತಾ?"

"ಹೂಂ."

"ಗ್ಯಾಸ್ ಆರಿಸಿದ್ರಾ?"

"ಹೂಂ."

"ಇಡ್ತೀ..."

"ಮೀನು ತಂದಿದ್ದೀನಿ," ಎಂದರು ಜಾಡಿಯವರು.

ಇಡಲು ಹೊರಟ ರಿಸೀವರು ಆ ಕಡೆ ಮತ್ತೆ ಕಿವಿಗೆ ಬಂತು. ಆಮೇಲೆ, "ಎಷ್ಟು?"

"ಆರು."

"ಹೇಗಿವೆ?"

ಹೇಗಿವೆ ಎಂಬ ಪ್ರಶ್ನೆಗೆ ಹೂಂ ಎನ್ನಲಾಗುವುದಿಲ್ಲ. "ಒಂದಕ್ಕೆ ಬಾಲ ಹರಿದಿದೆ," ಎಂದುಬಿಟ್ಟರು.

"ಅಯ್ಯೋ ಪಾಪ. ಏನಾಯ್ತು ಅದಕ್ಕೆ?"

ಅಂದು ಆ ಮನೆಯ ಫೋನು ಇಪ್ಪತ್ಮೂರು ನಿಮಿಷ ದುಡಿಯಿತು. ಮರುದಿನ ಗುರುವಾರ, ಯಾವ ಲೆಕ್ಕದಲ್ಲೂ ಫೋನು ಬರುವ ದಿನವಲ್ಲ. ಆರಕ್ಕೆ ಬಂತು. ಊಟದ ಮಾತಿಲ್ಲ, ಗ್ಯಾಸಿನ ಮಾತಿಲ್ಲ. "ರೀ, ಹರಕುಬಾಲ ಹೇಗಿದೆ?"

ಅಷ್ಟರಲ್ಲಿ ನೀರು ತಿಳಿಯಾಗಿತ್ತು. ಜಾಡಿಯವರು ನ್ಯಾಯವಾಗಿ ಆರು ಮೀನು ತರಲು ಹೋಗಿಯೂ ಇದ್ದರು. ಆದರೆ ಅಂಗಡಿಯಲ್ಲಿ ತೊಡಕಾಯಿತು.

"ಆರು ಮೀನು ಕೊಡಿ. ಅದರಲ್ಲಿ ಒಂದಕ್ಕೆ ಬಾಲ ಹರಿದಿರಬೇಕು."

ಅಂಗಡಿಯವನ ಮುಖ ಕೆಂಪಾಯಿತು. "ಏನು ಸಾರ್ ಹೀಗಂತೀರ. ಹದಿನೇಳು ವರ್ಷದ ಅಂಗಡಿ. ನನ್ನಲ್ಲಿ ಬಾಲ ಹರಿದ ಮೀನು ಒಂದೂ ಇಲ್ಲ."

"ಹುಡುಕಿದ್ರೆ ಎಲ್ಲಾದ್ರೂ..."

"ಹುಡುಕೋಕೆ ಏನಿದೆ? ಯಾರು ಹೇಳಿದ್ದು ನಿಮಗೆ? ಎದುರಿನ ಅಂಗಡಿಯೋನಾ?"

ಆ ಮನುಷ್ಯನನ್ನು ಸಮಾಧಾನಪಡಿಸುವುದೇ ಒಂದು ಕೆಲಸವಾಗಿ ಜಾಡಿಯವರು ಮೀನಿಲ್ಲದೆ ಹಿಂದಿರುಗಿದರು. ತೊಟ್ಟಿಯ ನೀರು ಸ್ಫಟಿಕದಂತಿತ್ತು. ಅದರೊಳಗೆ ಏನೂ ಇಲ್ಲವೆಂಬುದು ಬೀದಿಯವರೆಗೂ ಕಾಣುತ್ತಿತ್ತು. ಅವರು ಅಡುಗೆಮನೆಯಿಂದ ಉದ್ದನೆಯ ಸೌಟು ತಂದು ಮರಳನ್ನು ತಳದಿಂದ ಎತ್ತಿ ಒಮ್ಮೆ ಕಲಕಿದರು. ಮರುಕ್ಷಣ ಚಹಾ. ಕೆಸರು ಎಷ್ಟು ಹೊತ್ತಿಗೆ ಕೆಳಗಿಳಿಯುತ್ತದೆಂಬುದನ್ನು ಆ ಊರಿನಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ: ಈ ಮರಳಿಗೆ ಏಳು ಗಂಟೆ. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಕಲಕಿದರೆ ಸಂಸಾರದ ಮಾನ ದಿನವಿಡೀ ಮುಚ್ಚಿರುತ್ತಿತ್ತು. ಶುದ್ಧ ಮರಳಿಗಾಗಿ ಮೂವತ್ತೊಂದು ವರ್ಷ ಹೋರಾಡಿದ ಕೈ ಹೀಗೆ ಪಕ್ಷಾಂತರ ಮಾಡಿತು.

ಸಂಜೆಯ ಫೋನು ಮಾತ್ರ ದಿನದಿನಕ್ಕೆ ಬೆಳೆಯಿತು. ಜಾಡಿಯವರು ಬೆಳಗಿನಿಂದ ಕಥೆ ಹೊಂದಿಸಿಕೊಳ್ಳುತ್ತಿದ್ದರು. ಹರಕುಬಾಲ ಬಾಯಿಂದ ಮರಳು ದೂಡಿ ದೂಡಿ ಮೂಲೆಯಲ್ಲಿ ಒಂದು ದಿಬ್ಬ ಕಟ್ಟಿತು. ಕಟ್ಟಿ ಅದರ ಆಚೆಗೆ ಹೋಗಿ ಕುಳಿತಿತು.

"ಯಾಕ್ರೀ ಹಾಗೆ ಮಾಡ್ತು?"

"ಗೊತ್ತಾಗ್ಲಿಲ್ಲ. ಇನ್ನೊಂದಿದೆಯಲ್ಲ, ಬೊಕ್ಕಮೂತಿದು, ಅದು ದಿನಾ ಸಂಜೆ ದಿಬ್ಬದ ಹತ್ತಿರ ಬಂದು ನಿಂತ್ಕೊಳ್ಳುತ್ತೆ."

"ನಿಂತು?"

"ನಿಂತ್ಕೊಳ್ಳುತ್ತೆ, ಅಷ್ಟೆ."

"ಏನೂ ಹೇಳಲ್ವಾ?"

"ಮೀನು ಏನು ಹೇಳುತ್ತೆ."

"ಹೇಳೋ ಮೀನೂ ಇರ್ತವೆ ರೀ."

"ಇದಕ್ಕೆ ಅಭ್ಯಾಸ ಇಲ್ಲ," ಎಂದರು ಜಾಡಿಯವರು. ಆ ಕಡೆ ಆಕೆ ಫೋನು ಇಡಲಿಲ್ಲ. ಈ ಕಡೆ ಇವರೂ ಇಡಲಿಲ್ಲ.

ಸುದ್ದಿ ಕಲಕಿದಷ್ಟೂ ಹರಡುವ ವಸ್ತು. ಮೊದಲು ಇಳಿದುಬಂದವರು ಟೈಲರಮ್ಮ. ಕೈಯಲ್ಲಿ ಬ್ರೆಡ್ಡಿನ ಚೂರು.

"ಎಲ್ಲಣ್ಣಾ ಮೀನು?"

"ಒಳಗಿವೆ. ನೀರು ಸ್ವಲ್ಪ ಮಂದ."

ಟೈಲರಮ್ಮ ಚೂರನ್ನು ನೀರಿಗೆ ಹಾಕಿದರು. ಅದು ನೆನೆದು ಮುಳುಗಿತು. "ತಿಂತು," ಎಂದರು ಆಕೆ. "ಬಾಯಿ ತೆಗೆದದ್ದು ಕಾಣಿಸ್ತು. ಬಿಳೀ ಬಾಯಿ."

ಜಾಡಿಯವರಿಗೆ ಪ್ರತಿವಾದ ಮಾಡುವ ಯಾವ ಕಾರಣವೂ ಇರಲಿಲ್ಲ. ಅಂದಿನಿಂದ ದಿನವೂ ಬ್ರೆಡ್ಡು ಬಂತು.

ಎರಡನೆಯ ವಾರ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಬಂದರು. ಅವರು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವರು. ತುಂಬಿದ ಬಸ್ಸಿನಲ್ಲಿ ಟಿಕೆಟ್ ಇಲ್ಲದವನನ್ನು ಕಿವಿಯ ಬಣ್ಣದಿಂದ ಗುರುತಿಸುತ್ತೇನೆಂದು ಹೇಳಿಕೊಳ್ಳುತ್ತಿದ್ದರು. ಈ ಅಕ್ಕ ದಿನವೂ ಫೋನಿನಲ್ಲಿ ಮೀನಿನ ಮಾತಾಡುತ್ತಾಳೆಂದು ಖುದ್ದು ತಪಾಸಣೆಗೆ ಬಂದಿದ್ದರು.

"ಏನೂ ಕಾಣಲ್ವಲ್ಲ ಭಾವ."

"ಎಲ್ಲರಿಗೂ ಕಾಣಲ್ಲ," ಎಂದರು ಜಾಡಿಯವರು, ಸುಮ್ಮನೆ, ನಿಜವನ್ನೇ ಹೇಳುವ ಉದ್ದೇಶದಿಂದ.

"ನಂಗಂತೂ ಕಂಡಿದೆಯಪ್ಪ," ಎಂದು ಬಾಗಿಲಲ್ಲಿ ನಿಂತಿದ್ದ ಟೈಲರಮ್ಮ ಸೇರಿಸಿದರು. "ಕನ್ನಡಕ ಹಾಕ್ಕೊಳ್ಳೋಳು ನಾನು. ನನಗೇ ಕಂಡಿದೆ."

ಇದು ಬಸ್ಸು ಇಲಾಖೆಯ ಗೌರವದ ಪ್ರಶ್ನೆಯಾಯಿತು. ತಪಾಸಕರು ಮೂಗನ್ನು ಗಾಜಿಗೊತ್ತಿ, ಬೆರಳು ಮಡಚುತ್ತ ಎಣಿಸಿದರು. ಎದ್ದು ನಿಂತು ಗಂಭೀರವಾಗಿ ಹೇಳಿದರು: "ಆರಲ್ಲ ಭಾವ. ಏಳು. ನಿಮಗೆ ಎಣಿಸೋಕೆ ಬರಲ್ಲ."

ತಮ್ಮನ ಎಣಿಕೆ ಆಕೆಗೆ ಆಗಲೇ ತಲುಪಿತ್ತು; ಅಂದು ಸಂಜೆಯ ಫೋನಿನಲ್ಲಿ ಆಕೆಯ ದನಿ ಬೇರೆಯಾಗಿತ್ತು. "ಏಳನೇದು ಎಲ್ಲಿಂದ ಬಂತು?"

ಜಾಡಿಯವರು ಗೋಡೆ ನೋಡಿದರು, ಸೌಟು ನೋಡಿದರು. "ಅದು ಮರಿ."

"ಯಾವುದರದು?"

"ದಿಬ್ಬದ ಹಿಂದಿಂದ ಬಂತು."

"ಭಾನುವಾರ ಬರ್ತೀನಿ," ಎಂದರು ಆಕೆ. "ಬೆಳಗ್ಗೆ ಬಂದು, ನೋಡ್ಕೊಂಡು, ಸಾಯಂಕಾಲ ಐದರ ಬಸ್ಸಿಗೆ ಹೊರಡ್ತೀನಿ. ತಮ್ಮನೂ ಜೊತೆಗಿರ್ತಾನೆ."

ನಾಲ್ಕು ತಿಂಗಳಿಂದ ಯಾವ ಮಾತಿಗಾಗಿ ಕಿವಿ ತೆರೆದು ನಿಂತಿದ್ದರೋ ಆ ಮಾತು ಬಂದೇಬಿಟ್ಟಿತು. ಅರ್ಧ ದಿನದ ಅಳತೆಯಲ್ಲಿ. ಜಾಡಿಯವರು ಆ ರಾತ್ರಿಯೆಲ್ಲ ಏನು ಯೋಚಿಸಿದರೆಂಬುದು ನಮಗೆ ತಿಳಿಯದು. ಬೆಳಗ್ಗೆ ಅವರು ಹೆಂಡತಿಯ ಕುರ್ಚಿಯನ್ನು ಒರೆಸುತ್ತಿದ್ದುದನ್ನು ಮಾತ್ರ ಕಂಡವರಿದ್ದಾರೆ. ಅದರ ಕಾಲುಗಳನ್ನೂ ಒರೆಸಿದರಂತೆ.

ಭಾನುವಾರದೊಳಗೆ ಏಳು ಮೀನು ತಂದುಬಿಡಬೇಕೆಂದು ಅವರು ನಿರ್ಧರಿಸಿ ಚಪ್ಪಲಿ ಮೆಟ್ಟುವಷ್ಟರಲ್ಲಿ ನಗರಸಭೆಯ ಆರೋಗ್ಯ ಪರಿವೀಕ್ಷಕರು ಒಳಗೆ ಬಂದರು. ಬೀದಿ ಅವರನ್ನು ಸೊಳ್ಳೆ ಸಾಹೇಬರೆನ್ನುತ್ತಿತ್ತು. ನಿಂತ ನೀರಿನಲ್ಲಿ ಸೊಳ್ಳೆಮರಿ ಹುಡುಕುತ್ತ ಮನೆಮನೆ ತಿರುಗುವುದು ಅವರ ಉದ್ಯೋಗ. ತೊಟ್ಟಿಯನ್ನು ಕಂಡು ಅವರ ಪೆನ್ನು ತಾನೇ ತೆರೆದುಕೊಂಡಿತು.

"ಏನಿದು ಯಜಮಾನ್ರೇ, ಮನೆಯೊಳಗೇ ಕೊಳಚೆ?"

"ಮೀನಿವೆ ಸಾಹೇಬ್ರೇ," ಎಂದರು ಟೈಲರಮ್ಮ. ಆಕೆ ಈಗ ಹೆಚ್ಚುಕಡಿಮೆ ಅಲ್ಲೇ ಇರುತ್ತಿದ್ದರು. "ಏಳಿವೆ. ಟಿಕೆಟ್ ಚೆಕಿಂಗ್‌ನೋರು ಎಣಿಸಿದ್ದಾರೆ."

"ಮೀನಿದ್ರೆ ಸೊಳ್ಳೆಮರಿ ತಿಂದುಬಿಡುತ್ತೆ, ಅಡ್ಡಿಯಿಲ್ಲ. ಇಲ್ಲದಿದ್ರೆ ನೋಟೀಸು." ಸಾಹೇಬರು ಟಾರ್ಚು ಬಿಟ್ಟರು. ಬೆಳಕು ಕೆಸರಿನೊಳಗೆ ಒಂದು ಗೇಣು ಹೋಗಿ ಸುಸ್ತಾಯಿತು. ಅವರು ಟೈಲರಮ್ಮನ ಕನ್ನಡಕವನ್ನು ನೋಡಿದರು. ಇಬ್ಬರು ಸಾಮಾನ್ಯ ನಾಗರಿಕರು ಕಂಡದ್ದು ಸರಕಾರಕ್ಕೆ ಕಾಣಲಿಲ್ಲವೆಂದರೆ ಹೇಗೆ? ಹಳದಿ ಚೀಟಿಯ ಮೇಲೆ 'ಮೀನು: ಏಳು. ಸೊಳ್ಳೆಮರಿ: ಇಲ್ಲ' ಎಂದು ಬರೆದು ರುಜು ಹಾಕಿ ಗಾಜಿಗೆ ಅಂಟಿಸಿದರು.

ಅಂಗಡಿಯಲ್ಲಿ ಜಾಡಿಯವರು ಬಾಲದ ಷರತ್ತನ್ನು ಕೈಬಿಟ್ಟು ಬರೀ ಏಳು ಮೀನು ಕೇಳಿದರು. ಅಂಗಡಿಯವನು ಕೈಕಟ್ಟಿ ನಿಂತ.

"ಕೊಡಲ್ಲ ಸಾರ್."

"ಯಾಕಪ್ಪ?"

"ಆ ತೊಟ್ಟಿ ಕೊಟ್ಟೋನು ನಾನು. ಏಳು ಹಿಡಿಯುತ್ತೆ. ನಿಮ್ಮನೇಲಿ ಆಗಲೇ ಏಳಿವೆ, ಸರಕಾರಿ ಚೀಟಿ ಅಂಟಿಸಿದ್ದಾರೆ ಅಂತ ಈಗ ತಾನೇ ಕೇಳ್ದೆ. ಹದಿನಾಲ್ಕು ಹಾಕಿದ್ರೆ ಉಸಿರುಗಟ್ಟಿ ಸಾಯ್ತವೆ."

"ಇಲ್ಲಪ್ಪ. ನಿಜ ಹೇಳ್ಬೇಕಂದ್ರೆ ಅಲ್ಲಿ ಒಂದೂ ಇಲ್ಲ."

"ಆ ಏಳು ಮೀನಿಗೆ ಏನು ಮಾಡಿಬಿಟ್ರಿ?" ಎಂದು ಅಂಗಡಿಯವನು ಗಾಬರಿಯಿಂದ ಕೇಳಿದ. "ಬಾಲ ಹರಕು ಅಂತ ಅವತ್ತು ಹೇಳಿದ್ದು... ಮೊದಲು ಹೊರಗೆ ಹೋಗಿ ಸಾರ್." ಎದುರಿನ ಅಂಗಡಿಗೆ ಹೋಗೋಣವೆಂದರೆ, ಇವನು ಕೂಗಿದ್ದು ಅಲ್ಲಿಗೂ ಕೇಳಿಸಿತ್ತು. ಅಲ್ಲಿಯವನು ಬಾಗಿಲು ಅರ್ಧ ಎಳೆದ.

ಭಾನುವಾರ ಹತ್ತು ಗಂಟೆಗೆ ಆಕೆ ಬಂದರು. ಕೈಯಲ್ಲಿ ಒಂದೇ ಸಣ್ಣ ಚೀಲ. ಎರಡು ಸೀರೆ ಸಹ ಹಿಡಿಯದಂಥದ್ದು. ಸ್ವಲ್ಪ ಇಳಿದಿದ್ದರು. ಜಾಡಿಯವರು ಅದನ್ನು ಹೇಳಬೇಕೆಂದು ಬಾಯಿ ತೆರೆದು, ಅಭ್ಯಾಸಬಲದಿಂದ ತಲೆಯಾಡಿಸಿದರು. ಒಂಬತ್ತೂಮುಕ್ಕಾಲಿಗೆ ಅವರು ಕಲಕಿದ್ದ ರಭಸಕ್ಕೆ ತೊಟ್ಟಿಯ ನೀರು ಇನ್ನೂ ಸುತ್ತುತ್ತಿತ್ತು.

ಆಕೆ ಕುರ್ಚಿಯನ್ನು ತೊಟ್ಟಿಯ ಮುಂದಕ್ಕೆ ಎಳೆದುಕೊಂಡು ಕುಳಿತರು. ತಪಾಸಕರು ಪಕ್ಕದಲ್ಲಿ ನಿಂತರು. ಟೈಲರಮ್ಮ ಬ್ರೆಡ್ಡಿನೊಡನೆ ಹಾಜರಾದರು.

"ತಿಳಿಯಾಗ್ಲಿ. ನಾನು ಕಾಯ್ತೀನಿ," ಎಂದರು ಆಕೆ.

ಏಳು ಗಂಟೆಯೆಂದರೆ ನಾಲ್ಕೂಮುಕ್ಕಾಲು. ಮಧ್ಯದಲ್ಲಿ ಒಂದು ಸಲ ಕಲಕಿದರೆ ಮಾತ್ರ ಪಾರು. ಜಾಡಿಯವರು ಸೌಟನ್ನು ಬೆನ್ನ ಹಿಂದೆ ಹಿಡಿದು ಮೂರು ಸಲ ಸಮೀಪಿಸಿದರು.

"ಚಹಾ ಮಾಡ್ಲಾ? ನೀನು ಒಳಗೆ ಬಂದು ಸಕ್ಕರೆ ಎಷ್ಟು ಅಂತ ಹೇಳು."

"ಸಕ್ಕರೆ ನಿಮಗೆ ಗೊತ್ತಿಲ್ವಾ?"

ಮೂವತ್ತು ವರ್ಷದ ಸಂಸಾರದಲ್ಲಿ ಅದು ಅವರಿಗೆ ಗೊತ್ತಾಗಿರಲಿಲ್ಲ. ಅವರು ಸಕ್ಕರೆ ಹಾಕದ ಚಹಾ ತಂದರು, ಆಕೆ ಕುಡಿದರು. ಊಟವನ್ನೂ ತಟ್ಟೆ ತರಿಸಿಕೊಂಡು ಅಲ್ಲೇ ಮಾಡಿದರು. ಎರಡು ಗಂಟೆಗೆ ನೀರಿನ ಮೇಲಿನ ಭಾಗ ತಿಳಿಯಾಯಿತು.

"ಮೇಲೆ ಬರಲ್ಲ ಅವು," ಎಂದರು ತಪಾಸಕರು. "ಅಡೀಲಿ ಇರೋ ಜಾತಿ."

ಮೂರೂವರೆಗೆ ಅರ್ಧ ತಿಳಿಯಾಯಿತು. ಟೈಲರಮ್ಮ ಮೊದಲ ಬಾರಿಗೆ ಕನ್ನಡಕ ಒರೆಸಿಕೊಂಡರು. ನಾಲ್ಕೂವರೆಗೆ, ಲೆಕ್ಕಕ್ಕಿಂತ ಕಾಲು ಗಂಟೆ ಮೊದಲೇ, ತಳದ ಮರಳು ಹಾಸಿದ ಹಾಗೆಯೇ ಕಂಡಿತು. ದಿಬ್ಬವಿಲ್ಲ. ಒಂದು ರಾಶಿ ನೆನೆದ ಬ್ರೆಡ್ಡಿತ್ತು.

ಜಾಡಿಯವರು ಸೌಟನ್ನು ಮೇಜಿನ ಮೇಲಿಟ್ಟು ಹೇಳಿದರು: "ಇಲ್ಲಿ ಮೀನಿಲ್ಲ. ಯಾವತ್ತೂ ಇರ್ಲಿಲ್ಲ. ನಾನು ಸುಳ್ಳು ಹೇಳ್ದೆ."

ಅವರು ನಿರೀಕ್ಷಿಸಿದ ಕೋಲಾಹಲ ಆಯಿತು. ಆದರೆ ನಿರೀಕ್ಷಿಸಿದ ದಿಕ್ಕಿನಿಂದಲ್ಲ.

"ಇರ್ಲಿಲ್ಲ ಅಂದ್ರೆ?" ಎಂದರು ತಪಾಸಕರು. "ನಾನು ಎಣಿಸಿದ್ದು ಏನು ಹಾಗಾದ್ರೆ?"

"ಬಿಳೀ ಬಾಯಿ ನಾನು ನೋಡಿದೀನಿ," ಎಂದರು ಟೈಲರಮ್ಮ. "ಬೆಕ್ಕು ಬಂದಿರ್ಬೇಕು."

"ಏಳನ್ನೂ ಬೆಕ್ಕು ತಿನ್ನುತ್ತಾ? ಕಳ್ಳತನ ಇದು. ಸರಕಾರಿ ಚೀಟೀಲಿ ಏಳು ಅಂತಿದೆ. ಭಾವ, ಯಾರ ಮೇಲೆ ಅನುಮಾನ, ಹೇಳಿ. ಹೆದರ್ಬೇಡಿ."

"ಯಾರ ಮೇಲೂ ಇಲ್ಲ. ಸುಳ್ಳು ಹೇಳಿದ್ದು ನಾನು."

"ಪಾಪ, ಭಾವನಿಗೆ ಶಾಕ್ ಆಗಿದೆ," ಎಂದು ತಪಾಸಕರು ಟೈಲರಮ್ಮನಿಗೆ ತಿಳಿಸಿದರು. "ಬೆಳಗ್ಗೆಯಿಂದ ಮನೆಗೆ ಯಾರು ಯಾರು ಬಂದಿದ್ರು?"

"ಇಬ್ಬರೂ ಸ್ವಲ್ಪ ಹೊರಗೆ ಹೋಗಿ," ಎಂದರು ಆಕೆ.

ಆ ದನಿಗೆ ಇಬ್ಬರೂ ಹೋದರು. ಬಾಗಿಲ ಹೊರಗೆ ಬೆಕ್ಕಿನ ಪಕ್ಷಕ್ಕೂ ಕಳ್ಳನ ಪಕ್ಷಕ್ಕೂ ವಾದ ಮುಂದುವರಿಯಿತು. ಒಳಗೆ ಆಕೆ ಖಾಲಿ ಮರಳನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಅನಂತರ ಕುರ್ಚಿಯನ್ನು ತಿರುಗಿಸಿದರು.

"ದಿನಾ ಒಂದೊಂದು, ನೀವೇ ಕೂತು ಯೋಚನೆ ಮಾಡಿದ್ದಾ?"

"ಹೂಂ."

"ಹೂಂ ಅನ್ಬೇಡಿ."

"ಬೆಳಗ್ಗೆಯಿಂದ ಯೋಚನೆ ಮಾಡ್ತಿದ್ದೆ. ಆರು ಗಂಟೆಯೊಳಗೆ ಸಿದ್ಧ ಆಗ್ಬೇಕಿತ್ತಲ್ಲ. ಇಲ್ಲಾಂದ್ರೆ ನೀನು ಇಟ್ಟುಬಿಡ್ತಿದ್ದೆ."

ಆಕೆ ಚೀಲವನ್ನು ಮಡಿಲಿನಿಂದ ಎತ್ತಿ ನೆಲದ ಮೇಲಿಟ್ಟರು. "ಆ ಬೊಕ್ಕಮೂತಿ ಮೀನು," ಎಂದರು. "ದಿಬ್ಬದ ಹತ್ತಿರ ನಿಂತ್ಕೊಳ್ಳುತ್ತೆ ಅಂದ್ರಲ್ಲ. ಕೊನೆಗೆ ಏನಾದ್ರೂ ಕೇಳ್ತಾ, ಇಲ್ವಾ?"

ಜಾಡಿಯವರು ತಮ್ಮ ಕುರ್ಚಿಯನ್ನು ತರಲು ಹೋದರು, ಮರೆತು ಬರಿಗೈಯಲ್ಲಿ ಬಂದರು, ನಿಂತೇ ಕೇಳಿದರು:

"ನಾಲ್ಕು ದಿನ ಅಂತ ಹೋದೋಳು ಯಾಕೆ ಬರ್ಲಿಲ್ಲ?"

"ಕೂತ್ಕೊಳ್ಳಿ," ಎಂದರು ಆಕೆ. "ಮೊದಲಿಂದ ಹೇಳ್ಬೇಕಾಗುತ್ತೆ."

ತಪಾಸಕರು ಬಾಗಿಲು ತಟ್ಟಿ, "ಅಕ್ಕ, ಬಸ್ಸು," ಎಂದರು. ಒಳಗಿನಿಂದ ಒಂದೇ ಸಮನೆ ಮಾತಿನ ಸದ್ದು ಬರುತ್ತಿತ್ತು, ಆಗಾಗ ಗಂಡಸಿನ ದನಿಯೊಂದು ಏನನ್ನೋ ಕೇಳುತ್ತಿತ್ತು. ಐದರ ಬಸ್ಸು ಹೊರಟಾಗ ಆಕೆ ಮದುವೆಯಾದ ಎರಡನೆಯ ವರ್ಷಕ್ಕೆ ಬಂದಿದ್ದರು.